ಎಂಟು ತಲೆಯ ದಂಡ

ನಂದಾಳ ಟಂಟಂ ತಾಸಿಗೆ ಎಂಬತ್ನಾಲ್ಕು ಕಿಲೋಮೀಟರ್ ವೇಗದಲ್ಲಿ ಓಡಿತೆಂದು ಸರ್ಕಾರದ ಮೆಸೇಜು ಬಂದ ದಿನ ಬಿಳೂರಿನಲ್ಲಿ ನಗದೆ ಉಳಿದವರು ಇಬ್ಬರೇ. ಒಬ್ಬಳು ನಂದಾ, ಇನ್ನೊಬ್ಬರು ಅಣ್ಣಾರಾಯರು.

ಮೆಸೇಜು ಬಂದದ್ದು ಮೈದುನ ಮಲ್ಲುವಿನ ಮೊಬೈಲಿಗೆ. ಗಾಡಿ ಕೊಳ್ಳುವಾಗ ಅವನ ನಂಬರನ್ನೇ ಕೊಟ್ಟಿದ್ದರು. ಪುಣ್ಯಾತ್ಮ, ಅದನ್ನು ಮನೆಗೆ ತಂದು ಅತ್ತಿಗೆಯ ಕಿವಿಯಲ್ಲಿ ಹೇಳಬಾರದಿತ್ತೇ? ಹಾಲಿನ ಡೇರಿಯ ಮುಂದೆ, ಕ್ಯಾನು ಹಿಡಿದು ನಿಂತ ಇಪ್ಪತ್ತು ಮಂದಿಯ ನಡುವೆ ಗಟ್ಟಿಯಾಗಿ ಓದಿಬಿಟ್ಟ. ಓದಿದ ಮೇಲೆ ಅವನೂ ನಕ್ಕ.

“ಎಂಬತ್ನಾಲ್ಕಂತ! ಅದನ್ನ ಗುಡ್ಡದ ಮ್ಯಾಲಿಂದ ಉಳ್ಳಿಸಿ ಬಿಟ್ರೂ ಅಷ್ಟ ಓಡೂದಿಲ್ಲಲೇ,” ಎಂದು ಒಬ್ಬ ಹೊಟ್ಟೆ ಹಿಡಿದುಕೊಂಡ.

“ನಂದಕ್ಕ ಇನ್ನ ಸೀದಾ ಮುಂಬೈ ಲೈನ್ ಹಿಡೀತಾಳ ಬಿಡ್ರಿ,” ಎಂದ ಇನ್ನೊಬ್ಬ.

ಅವರು ನಕ್ಕದ್ದರಲ್ಲಿ ತಪ್ಪೇನೂ ಇರಲಿಲ್ಲ. ಆ ಮೂರು ಗಾಲಿಯ ಗಾಡಿಯ ಹಣೆಬರಹ ಊರಿಗೆಲ್ಲ ಗೊತ್ತಿತ್ತು. ನಲವತ್ತಕ್ಕೆ ಬಂದರೆ ಅದರ ತಗಡು ಗದಗದ ನಡುಗುತ್ತಿತ್ತು, ನಲವತ್ತೈದಕ್ಕೆ ಒಳಗಿದ್ದವರು ದೇವರನ್ನು ನೆನೆಯುತ್ತಿದ್ದರು, ಐವತ್ತು ಮುಟ್ಟಿದ್ದನ್ನು ಕಂಡವರೇ ಇಲ್ಲ. ಆದರೆ ನಂದಾಳಿಗೆ ನಗುವ ಹೊತ್ತಾಗಿರಲಿಲ್ಲ. ಇಪ್ಪತ್ತೆರಡು ಕುರಿ ಮಾರಿ ಆ ಗಾಡಿ ಕೊಂಡವಳು ಅವಳು. ಗಂಡ ಶಿವಲಿಂಗ ಉಳಿದ ಕುರಿ ಹೊಡೆದುಕೊಂಡು ಕೃಷ್ಣೆಯ ದಂಡೆಗೆ ಹೋದನೆಂದರೆ ನಾಲ್ಕು ತಿಂಗಳು ಈ ಕಡೆ ಮುಖ ಹಾಕುವವನಲ್ಲ. ಮನೆ ನಡೆಯುತ್ತಿದ್ದದ್ದು ಟಂಟಂ ಮೇಲೆ, ಅದರಲ್ಲೂ ಬೆಳಗ್ಗೆ ಹುಡುಗಿಯರನ್ನು ಜತ್ತಿನ ಸಾಲೆಗೆ ಮುಟ್ಟಿಸುವ ಫೇರಿಯ ಮೇಲೆ.

ಆ ಫೇರಿಯೆಂದರೆ ಸುಮ್ಮನಲ್ಲ. ಹೊಲದ ವಸ್ತಿಗಳಲ್ಲಿ ಇರುವವರು ಹೆಣ್ಣುಮಕ್ಕಳನ್ನು ಏಳನೆಯ ತರಗತಿಗೇ ಬಿಡಿಸಿ ಕೂರಿಸುತ್ತಿದ್ದರು. ಜತ್ತಿಗೆ ಕಳಿಸಬೇಕು, ಕಂಡಕಂಡವರ ಗಾಡಿಯಲ್ಲಿ ಹತ್ತಿಸಬೇಕು, ಯಾಕೆ ಬೇಕು ಆ ಉಸಾಬರಿ ಅನ್ನುವುದು ಅವರ ಮಾತು. ನಂದಾ ಬಾಡಿಗೆ ಗಾಡಿ ಓಡಿಸುವ ಬ್ಯಾಡ್ಜ್ ಮಾಡಿಸಿ, ಖಾಕಿ ಅಂಗಿಯನ್ನು ಸೀರೆಯ ಮೇಲೆ ತೊಟ್ಟು, ಮನೆಮನೆಗೆ ಹೋಗಿ ಕೇಳಿದಳು. ಮೊದಲ ವರ್ಷ ನಾಲ್ಕು ಹುಡುಗಿಯರು ಬಂದರು. ಈಗ ಹನ್ನೆರಡು. ಹನ್ನೆರಡು ಹುಡುಗಿಯರು ನೀಲಿ ಚೀಲ ಬಗಲಿಗೆ ಹಾಕಿಕೊಂಡು ಸಾಲೆಯ ಮುಂದೆ ಇಳಿಯುವಾಗ ನಂದಾಳ ಎದೆ ಉಬ್ಬುತ್ತಿತ್ತು. ಉಬ್ಬಬೇಕಾದ್ದೇ.

ಆ ಹನ್ನೆರಡರಲ್ಲಿ ಅಣ್ಣಾರಾಯರ ಮಗಳು ಪೂನಮಳೂ ಒಬ್ಬಳು. ಅಣ್ಣಾರಾಯರದು ಊರಲ್ಲಿ ಕಿರಾಣಿ ಅಂಗಡಿ, ಹಣೆಯ ಮೇಲೆ ಮೂರು ಬೆರಳ ವಿಭೂತಿ, ಪಾಲಕರ ಸಮಿತಿಗೆ ಅವರೇ ಅಧ್ಯಕ್ಷರು. ತೂಕದಲ್ಲಿ ಒಂದು ಕಾಳು ಹೆಚ್ಚು ಕೊಡುವವರೂ ಅಲ್ಲ, ಕಡಿಮೆ ಕೊಡುವವರೂ ಅಲ್ಲ. ಕಳೆದ ಜೂನ್ ತಿಂಗಳಲ್ಲಿ ಸಮಿತಿಯಿಂದ ಒಂದು ಕಾಗದ ಬರೆಸಿ ಎಲ್ಲ ಚಾಲಕರ ಸಹಿ ತೆಗೆದುಕೊಂಡವರು ಅವರೇ. ಅದರಲ್ಲಿದ್ದದ್ದು ಇಷ್ಟೇ: ವೇಗಕ್ಕೆ ದಂಡ ಬಿದ್ದ ಚಾಲಕರ ಗಾಡಿಯಲ್ಲಿ ಮಕ್ಕಳನ್ನು ಕಳಿಸುವುದಿಲ್ಲ. ಒಂದೇ ಸಲ ಬಿದ್ದರೂ ಸಾಕು.

ಸಂಜೆ ಅವರು ನಂದಾಳ ಅಂಗಳಕ್ಕೆ ಬಂದು ನಿಂತರು.

“ಬರ್ರಿ ಕಾಕಾ, ಕುಂದ್ರಿ. ಚಾ ಮಾಡ್ತೀನಿ.”

“ಚಾ ಬ್ಯಾಡವಾ. ಮೆಸೇಜ್ ಖರೇನ?”

“ಬಂದಿದ್ದು ಖರೆ ರೀ. ಅದರಾಗಿರೂದು ಸುಳ್ಳ. ನನ್ನ ಗಾಡಿ ಅಷ್ಟ ಓಡ್ತದೇನ್ರಿ? ನೀವ ಹೇಳ್ರಿ.”

“ನಾ ಹೇಳಿದ್ರ ನಡೀಯಂಗಿಲ್ಲ. ಕಾಗದದಾಗ ಏನೈತಿ ಅದ ಖರೆ.” ಅಣ್ಣಾರಾಯರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು. “ಶನಿವಾರ ಜತ್ತಿನ ಕೋರ್ಟಿನ್ಯಾಗ ಲೋಕ ಅದಾಲತ್ ಐತಿ. ಅರ್ಧಾ ದಂಡ ಕಟ್ಟಿ ಎಲ್ಲಾರೂ ಮುಗಿಸಿಕೊಂಡ ಬರ್ತಾರ. ನೀ ಸಹಿ ಮಾಡಿದಿ ಅಂದ್ರ ತಪ್ಪ ಒಪ್ಪಿದಂಗ. ಸೋಮವಾರದಿಂದ ಹುಡುಗ್ಯಾರನ್ನ ಕಳಸೂದಿಲ್ಲ. ಮನಸಿಗಿ ಹಚ್ಚಿಕೋಬ್ಯಾಡ.”

“ನಾ ಸಹಿ ಮಾಡೂದಿಲ್ಲರಿ,” ಎಂದಳು ನಂದಾ. “ನೀವೂ ಬರ್ರಿ ಶನಿವಾರ. ಕಣ್ಣಾರೆ ನೋಡ್ರಿ.”

“ಬರ್ತೀನಿ,” ಎಂದರು ಅಣ್ಣಾರಾಯರು. ಮಾತಿಗೆ ತಪ್ಪುವ ಜನವಲ್ಲ ಅದು.

ಶನಿವಾರ ಕೋರ್ಟಿನ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಜೀಪಿನವರು, ರಿಕ್ಷಾದವರು, ಖಾಸಗಿ ಬಸ್ಸಿನವರು, ಎಲ್ಲರ ಕೈಯಲ್ಲೂ ಮೊಬೈಲು, ಎಲ್ಲರ ಮುಖದಲ್ಲೂ ಅರ್ಧಕ್ಕೆ ಮುಗಿಯುತ್ತದೆಂಬ ನೆಮ್ಮದಿ. ದಂಡವೆಂದರೆ ಆ ಜನಕ್ಕೆ ಡೀಸೆಲ್ ಹಾಕಿಸಿದಂತೆ, ಖರ್ಚಿನ ಬಾಬತ್ತು ಅಷ್ಟೇ. ಸಾಲಿನಲ್ಲಿ ನಂದಾಳ ಹಿಂದೆ ನಿಂತಿದ್ದವನು ದರಿಬಡಚಿ ಲೈನಿನ ಜೀಪಿನ ಶಿವಶರಣ. ಅವನ ಹೆಸರಿನಲ್ಲಿ ಏಳು ದಂಡಗಳಿದ್ದವು, ಏಳೂ ವೇಗದವು.

“ಅಕ್ಕಾ, ನಿಂದು ಒಂದ?” ಎಂದು ಅವನು ಕರುಣೆಯಿಂದ ನೋಡಿದ. “ಐದನೂರು ಒಗಿ, ಸಹಿ ಒತ್ತು, ಮನಿ ಹಿಡಿ. ವಾದಾ ಮಾಡಾಕ ನಿಂತ್ರ ಹೊತ್ತ ಮುಳಗತೈತಿ.”

“ನಾ ಓಡಸದ ಓಟಕ್ಕ ಐದ ಪೈಸೆನೂ ಕೊಡಂಗಿಲ್ಲೋ.”

“ಏ, ನೀ ಓಡಿಸಿದ್ರೇನ, ಇನ್ನೊಬ್ಬರು ಓಡಿಸಿದ್ರೇನ! ಸರ್ಕಾರಕ್ಕ ರೊಕ್ಕ ಮುಟ್ಟಿದ್ರ ಆತು.”

ನಂದಾ ಆಚೆ ತಿರುಗಿ ನೋಡಿದಳು. ಅಣ್ಣಾರಾಯರು ಬಂದಿದ್ದರು, ಗೋಡೆಯ ಪಕ್ಕದ ಬೆಂಚಿನ ಮೇಲೆ ಛತ್ರಿಯನ್ನು ಮೊಣಕಾಲ ನಡುವೆ ನಿಲ್ಲಿಸಿಕೊಂಡು ಕುಳಿತಿದ್ದರು.

ಪಡಸಾಲೆಯ ತುದಿಯ ಟೇಬಲ್ಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದವರು ಹವಾಲ್ದಾರ ಸಿದ್ದಾರೂಢ. ಕುಣಿಕೋಣೂರಿನವರು, ಹೊಟ್ಟೆ ಸ್ವಲ್ಪ ಮುಂದೆ, ಮನಸ್ಸು ಮೆತ್ತಗೆ. ನಂದಾ ಅವರ ಮುಂದೆ ನಿಂತು ಪೂರ್ತಿ ಫೋಟೋ ತೋರಿಸಿರೆಂದಳು. ಮೊಬೈಲಿಗೆ ಬಂದದ್ದರಲ್ಲಿ ಅವಳ ನಂಬರ್ ಪ್ಲೇಟ್ ಬಿಟ್ಟರೆ ಬೇರೇನೂ ಇರಲಿಲ್ಲ.

ಸಿದ್ದಾರೂಢ ಗಾಡಿಯ ನಂಬರು ಒತ್ತಿದರು, ಫೋಟೋ ತೆರೆದರು, ಕನ್ನಡಕ ಮೇಲೇರಿಸಿದರು. ಆಮೇಲೆ ಲ್ಯಾಪ್‌ಟಾಪನ್ನು ಮೆಲ್ಲಗೆ ನಂದಾಳ ಕಡೆಗೆ ತಿರುಗಿಸಿದರು.

ಅವಳ ಮಾತು ನೂರಕ್ಕೆ ನೂರು ನಿಜವಾಗಿತ್ತು. ಹಿಂದಿನಿಂದ ತೆಗೆದ ಫೋಟೋ ಅದು. ಟಂಟಂ ಎಡಕ್ಕೆ, ಅದರ ಬಲಮಗ್ಗುಲಲ್ಲಿ ಒಂದು ಬಿಳಿ ಕಾರು ಅದನ್ನು ಹಿಂದೆ ಹಾಕುತ್ತಿತ್ತು. ಯಂತ್ರ ಗುರಿಯಿಟ್ಟ ಕೆಂಪು ಗುರುತು ಕಾರಿನ ಬೆನ್ನ ಮೇಲೆ ಕೂತಿತ್ತು. ಅಳೆದದ್ದು ಕಾರಿನ ಓಟ, ಓದಿದ್ದು ಟಂಟಂನ ನಂಬರು.

ಆದರೆ ಅಯ್ಯೋ ಶಿವನೇ! ಆ ಫೋಟೋದಲ್ಲಿ ಟಂಟಂ ಎಲ್ಲಿದೆಯೆಂದು ಹುಡುಕಬೇಕಿತ್ತು. ಕಾಣುತ್ತಿದ್ದದ್ದು ಬರೀ ಹೆಂಗಸರು. ಒಳಗೆ ಹೆಂಗಸರು, ಅಂಚಿಗೆ ಹೆಂಗಸರು, ಹಿಂದಿನ ಪಾವಟಿಗೆಯ ಮೇಲೆ ನಿಂತು ಕಂಬಿ ಹಿಡಿದ ಹೆಂಗಸರು, ಎಲ್ಲರ ಸೆರಗೂ ಗಾಳಿಗೆ ಹಾರುತ್ತಿತ್ತು.

ಅದು ಅಮಾವಾಸ್ಯೆಯ ದಿನ. ಅಮಾವಾಸ್ಯೆಗೆ ಗುಡ್ಡಾಪುರದ ದಾನಮ್ಮದೇವಿಯ ಗುಡಿಗೆ ಹೊರಟವರನ್ನು ಗಾಡಿ ತುಂಬಿದೆಯೆಂದು ರಸ್ತೆಯಲ್ಲಿ ಬಿಟ್ಟುಹೋಗುವ ಚಾಲಕ ಆ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಯಾರು ಎಲ್ಲಿ ಕೈ ಮಾಡಿದರೂ ನಿಲ್ಲಿಸಬೇಕು, ಎಡೆಯ ಬುಟ್ಟಿಯ ಸಮೇತ ಹತ್ತಿಸಿಕೊಳ್ಳಬೇಕು. ದಾನಮ್ಮನ ಮಂದಿಗೆ ಇಲ್ಲ ಅನ್ನಬಾರದು. ಭಾರ ಅವಳದ್ದು, ಗಾಡಿಯದ್ದಲ್ಲ ಎಂದು ಜೀಪಿನವರೂ ಟಂಟಂನವರೂ ನಂಬಿಕೊಂಡೇ ಬಂದಿದ್ದರು. ನಂದಾಳೂ ನಂಬಿದ್ದಳು. ತಿಂಗಳಿಗೊಮ್ಮೆ ಕಣ್ಣು ಮುಚ್ಚಿ ತುಂಬಿಸುತ್ತಿದ್ದಳು.

“ತಂಗಿ,” ಎಂದರು ಸಿದ್ದಾರೂಢ, ದನಿ ತಗ್ಗಿಸಿ. “ನಿಂದು ವೇಗದ ತಪ್ಪ ಇಲ್ಲ, ಖರೆ. ಆದ್ರ ಇದನ್ನ ಒಳಗಿನ ಜಜ್ ಮ್ಯಾಡಮ್ಮರ ಮುಂದ ತಗದಿ ಅಂದ್ರ ಅದು ಹೋಗಿ ಇದು ಬರತೈತಿ. ಹೆಚ್ಚ ತುಂಬಿದ ಮಂದಿಗಿ ತಲಿಗಿ ಎರಡನೂರು. ಸುಮ್ಮ ಐದನೂರು ಕಟ್ಟು, ಸಹಿ ಮಾಡು, ಹೋಗು. ನಾ ನೋಡಿಲ್ಲ, ನೀ ತೋರ್ಸಿಲ್ಲ.”

ಸಹಿ ಮಾಡಿದರೆ ಸೋಮವಾರ ಹುಡುಗಿಯರು ಇಲ್ಲ. ಫೋಟೋ ತೆಗೆಸಿದರೆ ಅಣ್ಣಾರಾಯರು ಕಣ್ಣಾರೆ ನೋಡುತ್ತಾರೆ; ಇಷ್ಟು ಮಂದಿಯನ್ನು ನೇತುಹಾಕಿಕೊಂಡು ಹೋಗುವವಳ ಕೈಗೆ ಮಗಳನ್ನು ಕೊಡಲೇ ಎಂದು ಕೇಳಿದರೆ ಏನು ಹೇಳುವುದು? ಅತ್ತ ಹೋದರೂ ಪೆಟ್ಟು, ಇತ್ತ ಹೋದರೂ ಪೆಟ್ಟು. ಅವಳು ಒಂದು ಗಳಿಗೆ ಆ ಕೆಂಪು ಗುರುತನ್ನೇ ನೋಡುತ್ತ ನಿಂತಳು. ಆಮೇಲೆ ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು. ತಾನು ಮಾಡದ್ದನ್ನು ಮಾಡಿದೆನೆಂದು ಬರೆದುಕೊಟ್ಟು, ಮಾಡಿದ್ದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಹೋಗುವುದೇ? ಖಾಕಿ ಅಂಗಿ ತೊಟ್ಟದ್ದು ಇದಕ್ಕೇ?

“ಲ್ಯಾಪ್‌ಟಾಪ್ ಒಳಗ ತರ್ರಿ ಹವಾಲ್ದಾರ್ರ,” ಎಂದಳು. “ಪೂರಾ ಫೋಟೋ.”

“ವಿಚಾರ ಮಾಡವಾ.”

“ಮಾಡೇನ್ರಿ.”

ಒಳಗೆ ಎತ್ತರದ ಟೇಬಲ್ಲಿನ ಹಿಂದೆ ಕುಳಿತಿದ್ದ ನ್ಯಾಯಾಧೀಶೆ ಅಕ್ಕಲಕೋಟೆಯ ಕಡೆಯವರು. ಮಹಾರಾಷ್ಟ್ರದ ಕೋರ್ಟಾದ್ದರಿಂದ ಅಲ್ಲಿ ನಡೆಯುವುದು ಮರಾಠಿ; ಮುಂದೆ ನಿಂತವರ ಮರಾಠಿಯಲ್ಲಿ ಕನ್ನಡ ಇಣುಕಿದರೆ ತಾವೇ ಕನ್ನಡಕ್ಕೆ ಇಳಿಯುತ್ತಿದ್ದರು. ಬೆಳಗಿನಿಂದ ಇನ್ನೂರು ಸಹಿ ಹಾಕಿ ಕೈ ಸೋತಿತ್ತು. ನಂದಾಳ ಕಾಗದವನ್ನು ಮುಂದೆ ಎಳೆದುಕೊಂಡು, ತಲೆಯೆತ್ತದೆ, “ಒಪ್ಪುತ್ತೀರಾ?” ಎಂದರು.

“ಇಲ್ಲರಿ ಮ್ಯಾಡಮ್.”

ಆಗ ತಲೆಯೆತ್ತಿದರು. ಹಿಂದೆ ನಿಂತವರೂ ತಲೆಯೆತ್ತಿದರು. ಆ ದಿನ ಆ ಕೋಣೆಯಲ್ಲಿ ‘ಇಲ್ಲ’ ಅನ್ನುವ ಮಾತು ಅದೇ ಮೊದಲು.

ಸಿದ್ದಾರೂಢ ಲ್ಯಾಪ್‌ಟಾಪನ್ನು ಟೇಬಲ್ಲಿನ ಮೇಲಿಟ್ಟರು. ಮ್ಯಾಡಮ್ ಕಾರನ್ನು ನೋಡಿದರು, ಕೆಂಪು ಗುರುತನ್ನು ನೋಡಿದರು, ಬಾಗಿಲಲ್ಲಿ ನಿಂತಿದ್ದ ಫೌಜದಾರರನ್ನು ಕರೆದು ಅವರಿಗೂ ತೋರಿಸಿದರು. ಫೌಜದಾರರು ಬಗ್ಗಿ ನೋಡಿ, “ಯಂತ್ರದ ತಪ್ಪು ಮ್ಯಾಡಮ್, ರದ್ದು ಮಾಡುತ್ತೇವೆ,” ಎಂದರು. ಇಷ್ಟಕ್ಕೇ ಮುಗಿದಿದ್ದರೆ ನಂದಾ ಪೇಢೆ ಹಂಚುತ್ತಿದ್ದಳು. ಆದರೆ ಮ್ಯಾಡಮ್ ಲ್ಯಾಪ್‌ಟಾಪನ್ನು ಬಿಡಲಿಲ್ಲ. ಮುಖವನ್ನು ಇನ್ನೂ ಹತ್ತಿರ ತಂದರು.

“ಇದೇನಿದು?”

“ಅಮಾವಾಸಿ ಇತ್ರಿ ಅವತ್ತ. ದಾನಮ್ಮಗ ಹೊಂಟಿದ್ರು.”

“ಪರಮಿಟ್ ಎಷ್ಟು ಮಂದಿಗೆ?”

“ಆರು ರೀ.”

ಮ್ಯಾಡಮ್ ಪೆನ್ನಿನ ತುದಿಯಿಂದ ಒಂದೊಂದೇ ತಲೆ ಎಣಿಸತೊಡಗಿದರು. ಹತ್ತಕ್ಕೆ ಬಂದಾಗ ಶಿವಶರಣ ಕಿಸಕ್ಕನೆ ನಕ್ಕ. “ಹದಿಮೂರು,” ಎಂದು ಮ್ಯಾಡಮ್ ಪೆನ್ನು ನಿಲ್ಲಿಸಿದರು. “ಆರು ತೆಗೆದರೆ ಏಳು.”

“ಹದಿನಾಲ್ಕು ರೀ,” ಎಂದಳು ನಂದಾ.

“ಏನು?”

“ರುಕ್ಮವ್ವ ಆಯಿ ಕಾಣವಲ್ಲಳ್ರಿ ಅದರಾಗ. ಮೊಣಕಾಲ ನೋಯ್ತಾವಂತ ಕೆಳಗ ಕಾಲಾಗ ಕುಂತಾಳ, ಬುಟ್ಟಿ ತೊಡಿ ಮ್ಯಾಲ ಇಟ್ಟಕೊಂಡು. ಅಕಿನ್ನೂ ಹಿಡೀರಿ. ಎಂಟು ತಲಿ ಹೆಚ್ಚರಿ.”

ಸಿದ್ದಾರೂಢ ಹಣೆ ಒತ್ತಿಕೊಂಡರು. ಮ್ಯಾಡಮ್ ಪೆನ್ನನ್ನು ಕೆಳಗಿಟ್ಟು ನಂದಾಳನ್ನು ಚೆನ್ನಾಗಿ ನೋಡಿದರು. “ಬೆಳಗಿನಿಂದ ಎಲ್ಲರೂ ಕಡಿಮೆ ಮಾಡಿ ಅಂದವರೇ. ಹೆಚ್ಚು ಮಾಡಿ ಅಂದವರು ನೀವೊಬ್ಬರೇ. ಯಾಕೆ?”

“ಎಂಬತ್ನಾಲ್ಕು ಓಡಿಸಿಲ್ಲ ಅಂತ ಹೇಳೇನ್ರಿ, ನೀವು ನಂಬೀರಿ. ಇಲ್ಲಿ ಒಂದ ತಲಿ ಮುಚ್ಚಿಟ್ರ ಅದೂ ಸುಳ್ಳ ಆಕ್ಕೈತಿ. ನನಗ ಆ ವೇಗದ ಕಲಿ ಹತ್ತಬಾರದ್ರಿ. ಮಂದಿ ಹೆಚ್ಚ ಹಾಕಿದ್ದು ನಂದ ತಪ್ಪ, ಅದರ ದಂಡ ಕೊಡ್ತೀನಿ.”

ಮ್ಯಾಡಮ್ ತುಟಿಯಲ್ಲೇ ನಕ್ಕು ಮತ್ತೆ ಗಂಭೀರರಾದರು. “ದಂಡ ಬೇರೆ, ಜೀವ ಬೇರೆ,” ಎಂದು ಫೋಟೋದ ಮೇಲೆ ಬೆರಳಿಟ್ಟರು. “ಈ ಹೆಂಗಸನ್ನು ನೋಡಿ. ಒಂದೇ ಕೈಯಲ್ಲಿ ಕಂಬಿ ಹಿಡಿದಿದ್ದಾರೆ, ಒಂದೇ ಕಾಲು ಪಾವಟಿಗೆಯ ಮೇಲಿದೆ. ಮೇಲಾಗಿ ಹಿಂದೆ ತಿರುಗಿ ನಗುತ್ತಿದ್ದಾರೆ! ಯಾರಿವರು?”

ನಂದಾಳಿಗೆ ಯಾರೆಂದು ಚೆನ್ನಾಗಿ ಗೊತ್ತಿತ್ತು. “ನನ್ನ ಗಾಡಿ ಮಂದಿ ರೀ. ಹೆಸರ್ಯಾಕ ಬೇಕ್ರಿ, ದಂಡ ನನ್ನ ಮ್ಯಾಲ ಹಾಕ್ರಿ,” ಎಂದಳು ಅವಸರವಾಗಿ.

ಹಿಂದಿನಿಂದ ಛತ್ರಿ ಊರುವ ಸದ್ದು ಬಂತು. ಅಣ್ಣಾರಾಯರು ಬಂದು ಲ್ಯಾಪ್‌ಟಾಪಿನ ಮುಂದೆ ಬಗ್ಗಿದರು. ಬಗ್ಗಿದವರು ಅಲ್ಲೇ ನಿಂತುಬಿಟ್ಟರು. ವಿಭೂತಿಯ ಕೆಳಗಿನ ಮುಖ ಕೆಂಪಗಾಯಿತು.

“ಅಕಿ ನನ್ನ ಹೆಂಡತಿ ರೀ,” ಎಂದರು. “ದಾಕ್ಷಾಯಣಿ. ಬಸ್ಸಿನ್ಯಾಗ ಹೋಗಿ ಬಂದೆ ಅಂತ ಹೇಳಿದ್ಲು.”

ಕೋಣೆಗೆ ಕೋಣೆಯೇ ಘೊಳ್ಳೆಂದು ನಕ್ಕಿತು. ಫೌಜದಾರರು ಗೋಡೆಯ ಕಡೆ ತಿರುಗಿಕೊಂಡರು. ಮ್ಯಾಡಮ್ ಟೇಬಲ್ ತಟ್ಟಿ ಸುಮ್ಮನಿರಿಸಬೇಕಾಯಿತು. ನಗದೆ ಇದ್ದದ್ದು ಮತ್ತೆ ಅವರಿಬ್ಬರೇ. ಅಣ್ಣಾರಾಯರು ಹೆಂಡತಿಯ ಆ ಒಂದು ಕಾಲನ್ನು ನೋಡುತ್ತಿದ್ದರು. ನಂದಾ ಮಾತ್ರ ಬೇರೇನನ್ನೋ ನೋಡುತ್ತಿದ್ದಳು. ಪರಮಿಟ್ ಆರು ಎಂದು ತನ್ನ ಬಾಯಿಂದಲೇ ಹೇಳಿದ್ದಳಲ್ಲ, ಆ ಆರು ಅವಳ ಕಿವಿಯಲ್ಲಿ ಕೂತುಬಿಟ್ಟಿತ್ತು. ದಿನಾ ಬೆಳಗ್ಗೆ ಹನ್ನೆರಡು ಹುಡುಗಿಯರು. ಒಬ್ಬಳ ತೊಡೆಯ ಮೇಲೆ ಇನ್ನೊಬ್ಬಳು, ಚೀಲಗಳೆಲ್ಲ ಹೊರಗೆ ನೇತಾಡುತ್ತ. ಅದಕ್ಕೆ ದಾನಮ್ಮನ ನೆಪವೂ ಇರಲಿಲ್ಲ. ಅದನ್ನು ನೋಡಿಯೇ ತನ್ನ ಎದೆ ಉಬ್ಬುತ್ತಿತ್ತಲ್ಲ ಎಂದು ನೆನೆದಾಗ ನಂದಾಳಿಗೆ ನಾಚಿಕೆಯಾಯಿತು.

ವೇಗದ ದಂಡ ರದ್ದಾಯಿತು. ಎಂಟು ತಲೆಯ ದಂಡ ಬಿತ್ತು. ನಂದಾ ಸೆರಗಿನ ಗಂಟು ಬಿಚ್ಚಿ ಕೊಟ್ಟು, ಪಾವತಿ ಇಸಿದುಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡಳು. “ಹುಚ್ಚಿ ಅದಿ ಬಿಡಕ್ಕ ನೀ, ಐದನೂರಕ್ಕ ಮುಗೀತಿತ್ತು,” ಎಂದ ಶಿವಶರಣ. ಆಮೇಲೆ ತನ್ನ ಏಳು ಕಾಗದಗಳ ಮೇಲೆ ಟಪಟಪ ಸಹಿ ಮಾಡಿದ.

ಹೊರಗೆ ಬೇವಿನ ಗಿಡದ ಕೆಳಗೆ ಟಂಟಂ ನಿಂತಿತ್ತು. ಅಣ್ಣಾರಾಯರು ಅದರ ಹಿಂದಿನ ಪಾವಟಿಗೆಯನ್ನು ಛತ್ರಿಯ ತುದಿಯಿಂದ ಕುಟ್ಟಿ ನೋಡಿದರು. ಒಂದು ಗೇಣು ಅಗಲದ ತಗಡು ಅದು.

“ವೇಗದ್ದು ಹೋತು,” ಎಂದರು ಕೊನೆಗೆ. “ಸಮಿತಿ ಕಾಗದದ ಪ್ರಕಾರ ನಿನ್ನ ಮ್ಯಾಲ ಈಗ ಏನೂ ಇಲ್ಲ. ಹೆಚ್ಚ ಮಂದಿದ್ದು ಅದರಾಗ ಬರದಿಲ್ಲ. ಸೋಮವಾರ ದಿನದಂಗ ಬಾ.”

ಗೆದ್ದೆನೆಂದು ಗಾಡಿ ಹತ್ತಿ ಕೂರಬಹುದಿತ್ತು. ನಂದಾ ಕೂರಲಿಲ್ಲ.

“ದಿನದಂಗ ಬರಾಕ ಆಗೂದಿಲ್ಲರಿ ಕಾಕಾ. ಇದು ಆರು ಮಂದಿ ಗಾಡಿ. ನಮ್ಮ ಹುಡುಗ್ಯಾರು ಹನ್ನೆರಡ ಅದಾರ.”

“ಹುಡುಗ್ಯಾರು ಸಣ್ಣಾವು. ಇಷ್ಟ ದಿನಾ ಕುಂತಿಲ್ಲೇನು?”

“ಕುಂತಾವ್ರಿ. ನಾ ಕುಂದರ್ಸೇನಿ, ನೀವು ನೋಡೀರಿ. ಇಬ್ಬರೂ ಬಾಯಿ ಬಿಟ್ಟಿಲ್ಲ.”

ಅಣ್ಣಾರಾಯರು ಛತ್ರಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. ಒಂದು ಕಾಳು ಹೆಚ್ಚುಕಡಿಮೆ ಮಾಡದ ಮನುಷ್ಯನಿಗೆ ಆ ಮಾತು ಎಲ್ಲಿ ತಾಗಬೇಕೋ ಅಲ್ಲೇ ತಾಗಿತ್ತು.

“ಅಂದ್ರ ಆರು ಹುಡುಗ್ಯಾರ ಸಾಲಿ ಬಿಡಸೂದೇನು?” ಎಂದರು, ಸ್ವಲ್ಪ ಒರಟಾಗಿ.

“ಯಾಕ ಬಿಡಸ್ತೀರಿ! ಎರಡ ಫೇರಿ ಹೊಡೀತೀನಿ. ಆರು ಹೊಡಿಯೂದಕ್ಕ ಒಂದು, ಏಳಕ್ಕ ಒಂದು. ಮೊದಲನೇದ್ರಾಗ ಪೂನಮ, ನಿಮ್ಮ ಕಡೆ ಹುಡುಗ್ಯಾರು.”

“ಆರಕ್ಕ ಅಕಿ ಏಳೂದಿಲ್ಲ.”

“ಎಬ್ಬಸ್ರಿ. ಇಲ್ಲಂದ್ರ ದಾಕ್ಷಾಯಣಿ ಕಾಕೂಗ ಹೇಳ್ರಿ. ಅವರೀಗ ನೀವು ಹೇಳಿದ್ದ ನಾಕ ದಿನಾ ಕೇಳ್ತಾರ.”

ಅಣ್ಣಾರಾಯರಿಗೆ ನಗು ಬಂತು, ತಡೆಯಲು ನೋಡಿದರು, ಮೀಸೆಯ ಕೆಳಗೆ ತಪ್ಪಿಸಿಕೊಂಡೇ ಬಂತು. ಆಮೇಲೆ ಅಂಗಡಿಯವರ ಬುದ್ಧಿ ತನ್ನ ಕೆಲಸ ಮಾಡಿತು.

“ಎರಡ ಫೇರಿ ಅಂದ್ರ ಡೀಸೆಲ್ ಎರಡರಷ್ಟ ಆಕ್ಕೈತಿ. ಸಮಿತಿಯವರು ಒಂದ ರೂಪಾಯಿನೂ ಹೆಚ್ಚ ಮಾಡೂದಿಲ್ಲ, ಈಗ ಹೇಳಿರ್ತೀನಿ. ಯಾರ ಕೊಡ್ತಾರ ಅದನ್ನ?”

“ನಾ ಕೊಡ್ತೀನ್ರಿ,” ಎಂದಳು ನಂದಾ. “ಎರಡು ವರ್ಷ ಹನ್ನೆರಡ ಹುಡುಗ್ಯಾರನ್ನ ತುಂಬಿಕೊಂಡ ಬಂದೇನಿ, ಅದರ ದಂಡ ಯಾವ ಕೋರ್ಟೂ ಹಾಕಲಿಲ್ಲ. ಅದನ್ನ ನಾ ದಿನಾ ಕಟ್ಟತೀನಿ.”

ಅಣ್ಣಾರಾಯರು ಅವಳ ಮುಖವನ್ನೇ ನೋಡಿದರು. ಆಮೇಲೆ ಟಂಟಂ ಒಳಗೆ ಬಗ್ಗಿ ಹತ್ತಿ ಸೀಟಿನ ಮೇಲೆ ಕುಳಿತರು. ಗೇಟಿನ ಹೊರಗೆ ಬಿಳೂರ ಕಡೆಯ ಮಂದಿ ನಿಂತಿದ್ದರು. ನಂದಾ ಗಾಡಿ ನಿಲ್ಲಿಸಿ ಐದು ಮಂದಿಯನ್ನು ಹತ್ತಿಸಿಕೊಂಡಳು. ಏಳನೆಯವನು ಪಾವಟಿಗೆಯ ಮೇಲೆ ಕಾಲಿಟ್ಟಾಗ ಅವಳು ಬಾಯಿ ತೆರೆಯುವುದಕ್ಕೆ ಮೊದಲೇ ಅಣ್ಣಾರಾಯರ ಛತ್ರಿ ಅಡ್ಡ ಬಂತು.

“ಇಳಿಯಪ್ಪಾ,” ಎಂದರು ಅವರು. “ಜಾಗಾ ಇಲ್ಲ.”